ಆ ಫೋನನ್ನು ಇನ್ಯಾರು ನೋಡುತ್ತಾರೆ?

ಆ ಮೆಸೇಜ್‌ನಲ್ಲಿ ಇದ್ದದ್ದು ಎರಡೇ ಸಾಲು. “ನಾಳೆ ಬೆಳಿಗ್ಗೆ 11ಕ್ಕೆ ಬನ್ನಿ. ಡಾಕ್ಟರ್ ಕೊಟ್ಟ ಚೀಟಿ ತರೋದು ಮರೀಬೇಡಿ.” ರಾತ್ರಿ ಎಂಟೂವರೆಗೆ ಕಳಿಸಿದೆ. ಇಂಥ ಮೆಸೇಜ್‌ಗಳನ್ನು ದಿನಕ್ಕೆ ಹತ್ತಾರು ಕಳಿಸುತ್ತೇನೆ. ಸಮಾಜ ಕಾರ್ಯಕರ್ತೆಯಾಗಿ ನನ್ನ ಅರ್ಧ ದಿನ ಈಗ ಫೋನಿನಲ್ಲೇ ಹೋಗುತ್ತದೆ.

ಮರುದಿನ ಅವರು ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಫೋನ್ ಸ್ವಿಚ್ ಆಫ್. ಗಂಡ ಹೊಡೆಯುತ್ತಾನೆ ಎಂದು ಹೇಳಿಕೊಳ್ಳಲು ಅವರು ನನ್ನ ಹತ್ತಿರ ಬರತೊಡಗಿ ಆಗಿದ್ದು ಮೂರೇ ವಾರ. ಬಾಯಿ ಬಿಡೋದಕ್ಕೇ ಎರಡು ಭೇಟಿ ಹಿಡಿದಿತ್ತು. ಮತ್ತೆ ಮತ್ತೆ ಕಾಲ್ ಮಾಡೋಣ ಅನ್ನಿಸಿತು. ತಡೆದುಕೊಂಡೆ. ಫೋನ್ ಆನ್ ಆದಾಗ ನನ್ನ ಮಿಸ್ಡ್ ಕಾಲ್‌ಗಳು ಯಾರ ಕಣ್ಣಿಗೆ ಬೀಳುತ್ತವೋ ಎಂಬ ಭಯ ಶುರುವಾಗಿತ್ತು. ಆ ಭಯ ಹಿಂದಿನ ರಾತ್ರಿಯೇ ಇರಬೇಕಿತ್ತು.

ಮೂರನೇ ದಿನ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. “ಮೇಡಂ, ನನ್ನ ನಂಬರಿಗೆ ಏನೂ ಕಳಿಸ್ಬೇಡಿ. ನಾನೇ ಬರ್ತೀನಿ.” ಅಷ್ಟೇ. ಇಟ್ಟುಬಿಟ್ಟರು.

ಬಂದಾಗ ಅವರ ಕೈಯಲ್ಲಿ ಫೋನ್ ಇರಲಿಲ್ಲ. ಆ ರಾತ್ರಿ ಫೋನ್ ಮೇಜಿನ ಮೇಲಿತ್ತಂತೆ. ಲಾಕ್ ಆಗಿಯೇ ಇತ್ತು. ಆದರೂ ನನ್ನ ಎರಡು ಸಾಲು ಸ್ಕ್ರೀನ್ ಮೇಲೆ ಬೆಳಗಿದವು. ಓದಲು ಪಾಸ್‌ವರ್ಡ್ ಬೇಕಾಗಲೇ ಇಲ್ಲ. “ಯಾವ ಚೀಟಿ?” ಅಂತ ಗಂಡ ಕೇಳಿದ್ದಾನೆ. ಆಮೇಲೆ ಏನಾಯಿತು ಎಂಬುದನ್ನು ಅವರು ಹೇಳಲಿಲ್ಲ. ನಾನು ಕೆದಕಲೂ ಇಲ್ಲ. ತಪ್ಪಾಯಿತು ಎಂದೆ. ಅದನ್ನು ಮೊದಲು ಹೇಳದೆ ಬೇರೆ ಮಾತಿಗೆ ಹೋಗೋದು ನನ್ನಿಂದ ಆಗುತ್ತಿರಲಿಲ್ಲ.

ಆ ದಿನದ ಉಳಿದ ಮಾತೆಲ್ಲ ಫೋನಿನ ಬಗ್ಗೆಯೇ. ನನ್ನ ಫೋನ್ ತೆಗೆದು ಒಂದೊಂದೇ ಸೆಟ್ಟಿಂಗ್ ತೋರಿಸುತ್ತಾ ಹೋದೆ. ವಾಟ್ಸಾಪ್ ಅನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದ್ದರೆ ಅದರ ಹೆಸರು ಎಲ್ಲಿ ಕಾಣುತ್ತದೆ ಎಂದು ತೋರಿಸಿದಾಗ ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. “ಅವರ ಲ್ಯಾಪ್‌ಟಾಪ್‌ನಲ್ಲಿ ನನ್ನ ಚಾಟ್ ಯಾವಾಗ್ಲೂ ತೆರೆದೇ ಇರುತ್ತೆ ಮೇಡಂ. ಮದ್ವೆ ಆದ್ಮೇಲೆ ಎಲ್ಲರ ಮನೇಲೂ ಹಾಗೇ ಅಂದ್ಕೊಂಡಿದ್ದೆ.” ಲೊಕೇಶನ್ ಹಂಚಿಕೆಯ ಪುಟ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಮನೆಯಿಂದ ಹೊರಟ ಐದೇ ನಿಮಿಷಕ್ಕೆ ಎಲ್ಲಿಗೆ ಹೊರಟೆ ಅಂತ ಕಾಲ್ ಬರೋದು, ಹೇಗೆ ಗೊತ್ತಾಗುತ್ತೆ ಅಂತ ಯಾವತ್ತೂ ತಿಳಿದಿರಲಿಲ್ಲ. ಫೋನಿನ ಫೋಟೋದೊಳಗೆ ತೆಗೆದ ಜಾಗದ ವಿವರವೂ ಸೇರಿರಬಹುದು ಎಂದಾಗ, ಗಾಯದ ಫೋಟೋ ತೆಗೆದಿದ್ದು ಎಲ್ಲಿ ಸೇವ್ ಆಗಿದೆಯೋ ಎಂದು ಅವರೇ ಕೇಳಿದರು. ಆ ಫೋಟೋಗಳ ಖಾತೆಯೂ ಇಬ್ಬರದ್ದೂ ಒಂದೇ ಆಗಿತ್ತು.

ವಾಟ್ಸಾಪ್‌ನಲ್ಲಿ 2016ರಿಂದಲೇ ಎಲ್ಲ ಮೆಸೇಜ್‌ಗೂ ಎನ್‌ಕ್ರಿಪ್ಶನ್ ಇದೆ. ದಾರಿಯ ಮಧ್ಯೆ ಬೇರೆಯವರು ಓದೋಕಾಗಲ್ಲ. ಅದನ್ನೇ ನಂಬಿ ನಾನು ಗೌಪ್ಯತೆ ಕಾಪಾಡಿದೆ ಅಂದುಕೊಂಡಿದ್ದೆ. ದಾರಿಗೆ ಬೀಗ ಇತ್ತು ನಿಜ. ಅಪಾಯ ಇದ್ದದ್ದು ಮನೆಯೊಳಗೆ.

ಎಲ್ಲವನ್ನೂ ಈಗಲೇ ಆಫ್ ಮಾಡಿಸಿಬಿಡಬೇಕು ಅಂತ ನನಗೆ ಸಿಟ್ಟೇ ಬಂದಿತ್ತು. ಆದರೆ ಇಂಥ ಕೇಸ್‌ಗಳಲ್ಲಿ ಅದು ತುಂಬ ಅಪಾಯದ ಹೆಜ್ಜೆ. ಲೊಕೇಶನ್ ಇದ್ದಕ್ಕಿದ್ದಂತೆ ಕಾಣದಾದರೆ, ಲ್ಯಾಪ್‌ಟಾಪ್‌ನಲ್ಲಿ ಚಾಟ್ ಮುಚ್ಚಿಹೋದರೆ, ಇವಳಿಗೆ ಗೊತ್ತಾಗಿದೆ ಎಂದು ಆ ಕಡೆಯವನಿಗೆ ತಿಳಿಯುತ್ತದೆ. ಹಿಡಿತ ಜಾರುತ್ತಿದೆ ಅನ್ನಿಸಿದಾಗ ಹೊಡೆತ ಜಾಸ್ತಿಯಾಗಬಹುದು. ಮೊದಲು ಸುರಕ್ಷತೆಯ ಯೋಜನೆ ಆಗಬೇಕು. ಸೆಟ್ಟಿಂಗ್ ಮುಟ್ಟುವುದು ಆಮೇಲೆ. ಇದನ್ನು ವಿವರಿಸಿ, ನೀವೇ ಹೇಳಿ ಏನು ಮಾಡೋಣ ಅಂದೆ.

“ಅದು ಹಾಗೇ ಇರ್ಲಿ” ಅಂದರು. “ಫೋನ್ ಮನೇಲಿದ್ರೆ ನಾನೂ ಮನೇಲಿದೀನಿ ಅಂತ ತೋರಿಸುತ್ತಲ್ವಾ?”

ನನಗೆ ಇದು ಹೊಳೆದಿರಲಿಲ್ಲ. ಇವತ್ತು ಅವರು ಫೋನ್ ಇಲ್ಲದೆ ಬಂದಿದ್ದು ಮರೆವಿನಿಂದಲ್ಲ.

ನಿಯಮ ಇರಲಿಲ್ಲ ಅಂತಲ್ಲ. ಅಮೆರಿಕದ ನಾಲ್ಕು ಸಮಾಜಕಾರ್ಯ ಸಂಘಟನೆಗಳು ಸೇರಿ 2017ರಲ್ಲೇ ಈ ಕೆಲಸದಲ್ಲಿ ತಂತ್ರಜ್ಞಾನ ಬಳಸುವ ಬಗ್ಗೆ ಮಾನದಂಡ ಹೊರತಂದಿವೆ. ಅಲ್ಲಿನ ರಾಷ್ಟ್ರೀಯ ಸಂಘದ ನೀತಿಸಂಹಿತೆಯೂ ತಿದ್ದುಪಡಿಯಾಗಿ 2018ರ ಜನವರಿ 1ರಿಂದ ಜಾರಿಗೆ ಬಂತು. ಫೋನ್, ವಿಡಿಯೊ ಕಾಲ್ ಬಳಸುವ ಮುಂಚೆ ಅದರ ಅಪಾಯ ವಿವರಿಸಿ ಒಪ್ಪಿಗೆ ಪಡೆಯಬೇಕು, ಆ ವಿಧಾನ ಈ ವ್ಯಕ್ತಿಗೆ ಹೊಂದುತ್ತದೆಯೇ ಎಂದು ನೋಡಬೇಕು ಎನ್ನುತ್ತದೆ ಅದು. ನಾನು ಓದಿದ್ದೆ. ಒಪ್ಪಿಗೆಯ ಫಾರಂಗೆ ಸಹಿಯನ್ನೂ ಹಾಕಿಸಿದ್ದೆ. ಫೋನ್ ನಂಬರ್ ಬರೆದುಕೊಂಡೆ, ಆ ಫೋನನ್ನು ಇನ್ಯಾರು ನೋಡುತ್ತಾರೆ ಎಂದು ಕೇಳಲಿಲ್ಲ. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಈಗ ಇದೆ, ನಂಬರಿನ ಕೆಳಗೇ.

ಫೋನ್ ಬೇಡ ಎನ್ನುವವಳಲ್ಲ ನಾನು. ಓದಲು ಬಾರದ ಅಜ್ಜಿಯೊಬ್ಬರು ವಾಯ್ಸ್ ಮೆಸೇಜ್‌ನಲ್ಲೇ ನನ್ನ ಜೊತೆ ಮಾತಾಡುತ್ತಾರೆ. ಕಿವಿ ಕೇಳದ ಹುಡುಗನೊಬ್ಬ ವಿಡಿಯೊ ಕಾಲ್‌ನಲ್ಲಿ ಸನ್ನೆ ಭಾಷೆಯಲ್ಲಿ ಮನಸ್ಸು ಬಿಚ್ಚುತ್ತಾನೆ. ಇವರಿಬ್ಬರಿಂದ ಫೋನ್ ಕಿತ್ತುಕೊಂಡರೆ ನಾನೇ ಅವರ ಬಾಯಿ ಮುಚ್ಚಿಸಿದಂತೆ.

ಆ ಭೇಟಿ ಮುಗಿಯುವ ಹೊತ್ತಿಗೆ ನಾವು ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಮಂಗಳವಾರ ಮೂರು ಗಂಟೆಗೆ ಅವರು ತಮ್ಮ ಕೆಲಸದ ಜಾಗದ ಲ್ಯಾಂಡ್‌ಲೈನ್‌ನಿಂದ ಕಾಲ್ ಮಾಡುವುದು. ಪಕ್ಕದಲ್ಲಿ ಯಾರಾದರೂ ಇದ್ದರೆ “ರಾಂಗ್ ನಂಬರ್” ಎಂದು ಇಡುವುದು. ಅಪಾಯ ಅನ್ನಿಸಿದರೆ ಹೇಳಬೇಕಾದ ಮಾತೂ ಒಂದಿದೆ. ಅದನ್ನು ಅವರೇ ಆರಿಸಿದರು. ಯಾವ ಫೈಲಿನಲ್ಲೂ ಟೈಪ್ ಮಾಡಿಲ್ಲ.

ಮಂಗಳವಾರ ಮೂರು ಗಂಟೆಗೆ ನಾನು ಬೇರೆ ಯಾವ ಮೀಟಿಂಗೂ ಇಟ್ಟುಕೊಳ್ಳುವುದಿಲ್ಲ.