ಕಯಾಕ್ ಹಿಡಿದುಕೊಂಡ ಎರಡು ನಿಮಿಷ

ಬೆಳಗ್ಗೆ ಆರೂವರೆ. ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ. ತಲೆಗೆ ಹಳದಿ ಟೋಪಿ. ಎಡಗಾಲಿನ ಹರಡಿಗೆ ಸುತ್ತಿದ ಟೈಮಿಂಗ್ ಚಿಪ್. ತೋಳಿನ ಮೇಲೆ ಮಾರ್ಕರ್‌ನಲ್ಲಿ ಬರೆದ ನಂಬರ್, ಮೀನಖಂಡದ ಮೇಲೆ ನನ್ನ ವಯಸ್ಸು, 41. ಸುತ್ತ ಇನ್ನೂ ಐವತ್ತು ಅರವತ್ತು ಹಳದಿ ಟೋಪಿಗಳು. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ದೂರದಲ್ಲಿ ಕಿತ್ತಳೆ ಬಣ್ಣದ ಬೂಯ್, ಅಂದರೆ ದಾರಿ ತೋರಿಸೋ ಗಾಳಿ ತುಂಬಿದ ಗುರುತು, ತೇಲುತ್ತಿತ್ತು. ದಡದಿಂದ ನೋಡಿದರೆ ಅದು ಒಂದು ಚೆಂಡಿನಷ್ಟು ಕಾಣುತ್ತಿತ್ತು. ಅದನ್ನು ಸುತ್ತಿಕೊಂಡು ವಾಪಸ್ ಬರಬೇಕು.

ಅದು ನನ್ನ ಮೊದಲ ಟ್ರಯಥ್ಲಾನ್. ಸ್ಪ್ರಿಂಟ್ ಅಂತಾರೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಲಿಂಪಿಕ್ಸ್‌ನಲ್ಲಿ ಇರೋದು ಇದರ ಎರಡರಷ್ಟು. 2000ದಲ್ಲಿ ಸಿಡ್ನಿಯಲ್ಲಿ ಈ ಆಟ ಮೊದಲ ಸಲ ಒಲಿಂಪಿಕ್ಸ್ ಸೇರಿದಾಗಿಂದ ಅಲ್ಲಿ 1.5, 40, 10 ಕಿಲೋಮೀಟರ್. ಸ್ಪ್ರಿಂಟ್ ಅನ್ನೋ ಹೆಸರು ಕೇಳಿ ಇದೇನೋ ಚಿಕ್ಕದು ಅಂದುಕೊಳ್ಳಬೇಡಿ. ಮೂರನ್ನೂ ಒಂದರ ಹಿಂದೆ ಒಂದು ಮಾಡೋವರೆಗೆ ಅದು ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ.

ನಾನು ಇಲ್ಲಿಗೆ ಬಂದಿದ್ದು ಓಟದ ದಾರಿಯಿಂದ. ಎರಡು ವರ್ಷದ ಹಿಂದೆ ಗೆಳತಿಯೊಬ್ಬಳು ಒಂದು 5 ಕಿಲೋಮೀಟರ್ ಫನ್ ರನ್‌ಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡೋ ಅಪ್ಪ ಇದ್ದರು. ಸ್ಟಾರ್ಟ್ ಲೈನಿನಲ್ಲೇ ಶೂ ಲೇಸ್ ಕಟ್ಟಿಕೊಳ್ಳುತ್ತಾ ಹಿಂದುಳಿದ ಅಜ್ಜ ಇದ್ದರು. ಎಲ್ಲರಿಗಿಂತ ಕೊನೆಗೆ ಬಂದ ಹೆಂಗಸಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು. ನನಗೆ ಆ ಚಪ್ಪಾಳೆ ಬಹಳ ದಿನ ಕಿವಿಯಲ್ಲಿತ್ತು. ಆಮೇಲೆ 10 ಕಿಲೋಮೀಟರ್ ಓಡಿದೆ. ಆಮೇಲೆ ಮೊಣಕಾಲು ನೋಯಲು ಶುರುವಾಯಿತು, ಸೈಕಲ್ ಹತ್ತಿದೆ, ಅಲ್ಲಿಂದ ಈಜುಕೊಳ. ನೆಟ್ಟಗೆ ಈಜು ಕಲಿತಿದ್ದು ನಲವತ್ತಕ್ಕೆ. ಎಂಟು ತಿಂಗಳು ವಾರಕ್ಕೆ ಮೂರು ದಿನ ಈಜಿದ್ದೆ. ಕೊಳದಲ್ಲಿ ಒಂದು ಕಿಲೋಮೀಟರ್ ನಿಲ್ಲಿಸದೆ ಈಜುತ್ತಿದ್ದೆ. ಹಾಗಾಗಿ 750 ಮೀಟರ್ ಬಗ್ಗೆ ನನಗೆ ಭಯ ಇರಲಿಲ್ಲ. ಭಯ ಇದ್ದದ್ದು ಸೈಕಲ್ ಪಂಕ್ಚರ್ ಆದರೆ ಅಂತ.

ಹಾರ್ನ್ ಊದಿದರು. ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದೆವು.

ಮುಖ ನೀರಿಗೆ ಇಟ್ಟ ತಕ್ಷಣ ಉಸಿರು ಕಟ್ಟಿತು. ನೀರು ತಣ್ಣಗಿತ್ತು. ಕೆಳಗೆ ಏನೂ ಕಾಣಿಸಲಿಲ್ಲ. ಕೊಳದಲ್ಲಾದರೆ ತಳದಲ್ಲಿ ಕಪ್ಪು ಗೆರೆ ಇರುತ್ತೆ. ಅದನ್ನೇ ನೋಡಿಕೊಂಡು ಹೋಗಬಹುದು. ಇಲ್ಲಿ ಹಸಿರು ಮಿಶ್ರಿತ ಕಂದು, ಅಷ್ಟೇ. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಯಾರದೋ ಕಾಲು ನನ್ನ ಭುಜಕ್ಕೆ ಬಡಿಯಿತು. ಇನ್ಯಾರದೋ ಕೈ ನನ್ನ ಹಿಮ್ಮಡಿ ಹಿಡಿದು ಬಿಟ್ಟಿತು. ಉಸಿರೆಳೆಯಲು ಪಕ್ಕಕ್ಕೆ ತಿರುಗಿದರೆ ಬಾಯಿಗೆ ಬಂದಿದ್ದು ಗಾಳಿಯಲ್ಲ, ನೀರು.

ಕೆಮ್ಮಿದೆ. ತಲೆ ಎತ್ತಿದೆ. ತಲೆ ಎತ್ತಿದರೆ ಸೊಂಟ ಮುಳುಗುತ್ತೆ, ಅದು ನನಗೆ ಗೊತ್ತು. ಆದರೂ ಎತ್ತಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಉಸಿರು ಎಳೆದಷ್ಟೂ ಸಾಲುತ್ತಿರಲಿಲ್ಲ. ಎಂಟು ತಿಂಗಳು ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಹಿಂದೆ ತಿರುಗಿ ನೋಡಿದೆ, ದಡ ಇನ್ನೂ ಹತ್ತಿರವೇ ಇತ್ತು. ನೂರು ಮೀಟರ್ ಕೂಡ ಬಂದಿರಲಿಲ್ಲ. ವಾಪಸ್ ಹೋಗಿಬಿಡೋಣ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

"ಅಕ್ಕಾ! ಅಕ್ಕಾ, ಇಲ್ಲಿ. ಹಿಡ್ಕೊಳ್ಳಿ."

ಹಳದಿ ಕಯಾಕ್, ಹುಟ್ಟು ಹಾಕಿ ನಡೆಸೋ ಸಪೂರ ದೋಣಿ. ಅದರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿ. ಕಯಾಕಿನ ಮೂತಿಯನ್ನು ನನ್ನ ಕಡೆ ತಿರುಗಿಸಿ, ಹುಟ್ಟನ್ನು ತೊಡೆ ಮೇಲೆ ಅಡ್ಡ ಇಟ್ಟುಕೊಂಡಳು.

"ಬೇಡ, ಬೇಡ, ಡಿಸ್‌ಕ್ವಾಲಿಫೈ ಆಗ್ತೀನಿ" ಅಂದೆ. ಆ ಸ್ಥಿತಿಯಲ್ಲೂ ಅದೇ ನೆನಪಾಗಿತ್ತು.

"ಆಗಲ್ಲ ಅಕ್ಕಾ. ಹಿಡ್ಕೊಂಡು ನಿಂತ್ರೆ ಏನೂ ಆಗಲ್ಲ. ಕಯಾಕ್ ಮುಂದೆ ಹೋಗ್ಬಾರ್ದು, ಅಷ್ಟೇ. ನಾನು ಅಲ್ಲಾಡಲ್ಲ, ನೀವು ಹಿಡ್ಕೊಳ್ಳಿ."

ಹಿಡಿದುಕೊಂಡೆ. ಆ ನಿಯಮ ನಿಜ. ಈಜುಗಾರರು ಸುಸ್ತಾದರೆ, ಭಯವಾದರೆ ಕಯಾಕನ್ನೋ ಬೂಯನ್ನೋ ಹಿಡಿದು ನಿಲ್ಲಬಹುದು. ಅದರ ಸಹಾಯದಿಂದ ಮುಂದಕ್ಕೆ ಸಾಗಬಾರದು ಅಷ್ಟೇ. ರೇಸಿಗೆ ಮುಂಚೆ ಮೈಕಿನಲ್ಲಿ ಅದನ್ನು ಹೇಳಿಯೂ ಇದ್ದರು. ಅದು ನನಗಲ್ಲ, ಈಜು ಬಾರದವರಿಗೆ ಅಂದುಕೊಂಡು ಕಿವಿಗೆ ಹಾಕಿಕೊಂಡಿರಲಿಲ್ಲ.

ಪ್ಲಾಸ್ಟಿಕ್ ಅಂಚು ಬೆರಳಿಗೆ ಒರಟಾಗಿ ಸಿಕ್ಕಿತು. ಅದರ ಮೇಲೆ ಹಳೆಯ ಗೀರುಗಳಿದ್ದವು. ಒಂದು ಇರುವೆ ಆ ಗೀರಿನ ಗುಂಟ ನಡೆದುಕೊಂಡು ಹೋಗುತ್ತಿತ್ತು. ನೀರಿನ ನಡುವೆ ಅದು ಹೇಗೆ ಬಂತೋ. ನಾನು ಆ ಇರುವೆಯನ್ನೇ ನೋಡಿದೆ.

"ಒಳಗೆ ಎಳೀಬೇಡಿ ಅಕ್ಕಾ, ಮೊದ್ಲು ಹೊರಗೆ ಬಿಡಿ" ಅಂದಳು ಹುಡುಗಿ. "ಊಫ್ ಅಂತ ಪೂರ್ತಿ ಬಿಡಿ. ಒಳಗೆ ಅದೇ ಬರುತ್ತೆ."

ಬಿಟ್ಟೆ. ಇನ್ನೊಮ್ಮೆ ಬಿಟ್ಟೆ. ಅವಳು ಹೇಳಿದ್ದು ಸರಿ ಇತ್ತು. ತಣ್ಣೀರು ಮೈಗೆ ತಾಗಿದ ಕೂಡಲೇ ದೇಹ ತಾನಾಗಿ ಗಪ್ ಅಂತ ಉಸಿರು ಒಳಗೆಳೆದುಕೊಳ್ಳುತ್ತೆ, ಆಮೇಲೆ ಬಿಡೋದನ್ನೇ ಮರೆಯುತ್ತೆ. ಹಳೆಯ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗ ಎಲ್ಲಿ? ಸಾಲುತ್ತಿಲ್ಲ ಅಂತ ಮತ್ತಷ್ಟು ಎಳೀತೀವಿ, ಮತ್ತಷ್ಟು ಭಯ. ಒಂದೆರಡು ನಿಮಿಷ ಕಾದರೆ ಆ ತಣ್ಣೀರಿನ ಏಟು ತಾನಾಗಿ ಇಳಿಯುತ್ತೆ. ಹಾಗಾಗಿ ಈಗ ನಾನು ರೇಸಿಗೆ ಮುಂಚೆ ನೀರಿಗಿಳಿದು, ಮುಖ ಅದ್ದಿ, ಗುಳುಗುಳು ಅಂತ ಗುಳ್ಳೆ ಬಿಡುತ್ತಾ ಐದು ನಿಮಿಷ ಕಳೆಯುತ್ತೇನೆ. ಮೊದಲ ಸಲ ಹೋಗುವವರು ದಯವಿಟ್ಟು ಇದನ್ನು ಮಾಡಿ. ಹಾಗೇ ಗುಂಪಿನ ನಡುವೆ ನಿಲ್ಲಬೇಡಿ. ಹಿಂದೆ, ಪಕ್ಕದ ಅಂಚಿಗೆ ನಿಂತು, ಎಲ್ಲರೂ ಹೋಗಲು ಹತ್ತು ಸೆಕೆಂಡು ಬಿಟ್ಟು ಹೊರಡಿ. ಯಾರ ಕಾಲೂ ಬಡಿಯಲ್ಲ.

ಎರಡು ನಿಮಿಷ ಆಗಿರಬಹುದು. ಇರುವೆ ಅಂಚು ದಾಟಿ ಆ ಕಡೆ ಇಳಿಯಿತು. "ಹೋಗ್ತೀನಿ" ಅಂದೆ.

"ಹೋಗಿ. ನಾನು ಈ ಕಡೇನೇ ಇರ್ತೀನಿ."

ಮೊದಲು ತಲೆ ಎತ್ತಿಕೊಂಡೇ ಕಪ್ಪೆ ಈಜು ಈಜಿದೆ. ಹತ್ತಿಪ್ಪತ್ತು ಸಲ ಕೈ ಬೀಸಿದ ಮೇಲೆ ಮುಖ ಒಳಗಿಟ್ಟೆ. ಗುಳ್ಳೆ ಬಿಟ್ಟೆ. ಎಂಟು ಸಲ ಕೈ ಬೀಸೋದು, ಒಮ್ಮೆ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ಬೂಯ್ ನೋಡೋದು, ಮತ್ತೆ ಎಂಟು. ತೆರೆದ ನೀರಲ್ಲಿ ಹೀಗೆ ದಾರಿ ನೋಡಿಕೊಳ್ಳದೆ ಹೋದರೆ 750 ಮೀಟರ್ ಸುಮ್ನೆ 900 ಆಗುತ್ತೆ. ಚೆಂಡಿನಷ್ಟು ಕಂಡ ಬೂಯ್ ಹತ್ತಿರ ಹೋದಾಗ ನನಗಿಂತ ಎತ್ತರ ಇತ್ತು. ತಿರುವಿನಲ್ಲಿ ಅದನ್ನು ಅಂಗೈಯಿಂದ ಒಮ್ಮೆ ಮುಟ್ಟಿದೆ. ಮುಟ್ಟಬೇಕು ಅಂತೇನಿಲ್ಲ. ನನಗೆ ಮುಟ್ಟಬೇಕಿತ್ತು.

ನೀರಿಂದ ಎದ್ದಾಗ 27 ನಿಮಿಷ. ಹಳದಿ ಟೋಪಿಗಳಲ್ಲಿ ನನ್ನ ಹಿಂದೆ ಮೂರೋ ನಾಲ್ಕೋ ಜನ ಇದ್ದರು.

ಟ್ರಾನ್ಸಿಷನ್‌ನಲ್ಲಿ, ಅಂದರೆ ಈಜು ಮುಗಿಸಿ ಸೈಕಲ್ ತಗೊಳ್ಳೋ ಜಾಗದಲ್ಲಿ, ಬಹುತೇಕ ಸೈಕಲ್‌ಗಳು ಹೋಗಿಯಾಗಿತ್ತು. ಖಾಲಿ ಸ್ಟ್ಯಾಂಡಿನ ನಡುವೆ ನನ್ನದು ಸುಲಭವಾಗಿ ಸಿಕ್ಕಿತು. ಹೆಲ್ಮೆಟ್ ಹಾಕಿ ಬಕಲ್ ಬಿಗಿಯೋವರೆಗೆ ಸೈಕಲ್ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಪೆನಾಲ್ಟಿ. ಬೆರಳು ಮರಗಟ್ಟಿದ್ದವು. ಆ ಬಕಲ್ಲನ್ನು ಮೂರು ಸಲ ಹಾಕಿದೆ, ಮೂರು ಸಲ ಜಾರಿತು. ನಾಲ್ಕನೇ ಸಲ ಟಕ್ ಅಂದಿತು. ಸೈಕಲ್ ತಳ್ಳಿಕೊಂಡು ಗೆರೆ ದಾಟಿದ ಮೇಲೆ ಹತ್ತಿದೆ.

ಸೈಕಲ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಪಂಕ್ಚರ್ ಆಗಲಿಲ್ಲ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ, ಅದಕ್ಕೆ ಡ್ರಾಫ್ಟಿಂಗ್ ಅಂತಾರೆ, ನಮ್ಮ ರೇಸಿನಲ್ಲಿ ಅದು ನಿಷೇಧ. ಹಾಗಾಗಿ ಒಬ್ಬಳೇ ತುಳಿದೆ. ಬಿಸಿಲು ಬೆನ್ನಿಗೆ ಬಿತ್ತು. ಬಟ್ಟೆ ಮೈಮೇಲೇ ಒಣಗಿತು. ಹತ್ತು ಹನ್ನೆರಡು ಜನರನ್ನು ದಾಟಿದೆ. ಪ್ರತಿಯೊಬ್ಬರನ್ನು ದಾಟುವಾಗಲೂ ಎದೆಯೊಳಗೆ ಕಯಾಕಿನ ನೆನಪು ಚುಚ್ಚುತ್ತಿತ್ತು. ಇವರೆಲ್ಲ ನಿಲ್ಲದೆ ಈಜಿದವರು, ನಾನು ನಿಂತವಳು ಅಂತ.

ಸೈಕಲ್ ಇಳಿದು ಓಡಲು ಹೋದರೆ ಕಾಲು ನನ್ನದಲ್ಲ. ಸೈಕಲ್ ತುಳಿದು ತುಳಿದು ಕಾಲಿಗೆ ದುಂಡಗೆ ಸುತ್ತೋದು ರೂಢಿಯಾಗಿರುತ್ತೆ. ಅದನ್ನು ಒಮ್ಮೆಲೇ ನೆಲಕ್ಕೆ ಇಡು, ಮೈಭಾರ ಹೊರು ಅಂದರೆ ಅದು ಕೇಳೋದಿಲ್ಲ. ಇದಕ್ಕೇ ಬ್ರಿಕ್ ಅನ್ನೋ ಅಭ್ಯಾಸ ಇರೋದು. ಸೈಕಲ್ ಆದ ಕೂಡಲೇ ಓಟ. ನಾನು ಅದನ್ನು ಆರೇಳು ವಾರ ಮಾಡಿದ್ದೆ. ಮಾಡಿದ್ದಕ್ಕೇ ಒಂದು ಕಿಲೋಮೀಟರಿಗೆ ಕಾಲು ಸಡಿಲವಾಯಿತು.

ಎರಡನೇ ಕಿಲೋಮೀಟರಿನಲ್ಲಿ ಒಬ್ಬರು ನನ್ನನ್ನು ದಾಟಿದರು. ಮೀನಖಂಡದ ಮೇಲೆ 63 ಅಂತ ಬರೆದಿತ್ತು. ಬೆವರಿಗೆ 3 ಸ್ವಲ್ಪ ಅಳಿಸಿತ್ತು. ಬೆಳ್ಳಗಿನ ಜಡೆಯನ್ನು ಗಂಟು ಕಟ್ಟಿದ್ದರು. ಪುಟ್ಟ ಪುಟ್ಟ ಹೆಜ್ಜೆ, ಒಂದೇ ಲಯ. ನಾನು ಅವರ ಹಿಂದೆ ಸೇರಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ತಿರುಗದೆಯೇ ಅಂದರು, "ಪಕ್ಕಕ್ಕೇ ಬಾಮ್ಮ. ಹಿಂದೆ ಯಾಕೆ?"

ಪಕ್ಕಕ್ಕೆ ಹೋದೆ. ಮಾತು ತುಂಡು ತುಂಡಾಗಿ ನಡೆಯಿತು. ಅವರು ಓಟ ಶುರು ಮಾಡಿದ್ದು ಐವತ್ತೈದಕ್ಕೆ, ಇದು ಅವರ ಏಳನೇ ಟ್ರಯಥ್ಲಾನ್. ನನಗೆ ಮಡೋನಾ ಬುಡರ್ ನೆನಪಾದರು. ಅಮೆರಿಕದ ಕ್ರೈಸ್ತ ಸನ್ಯಾಸಿನಿ, ಓಡಲು ಶುರು ಮಾಡಿದ್ದು ಐವತ್ತರ ಹತ್ತಿರ ಬಂದಾಗ. 2012ರಲ್ಲಿ, 82ನೇ ವಯಸ್ಸಿನಲ್ಲಿ ಐರನ್‌ಮ್ಯಾನ್ ಅನ್ನೋ ಉದ್ದದ ಟ್ರಯಥ್ಲಾನ್ ಮುಗಿಸಿದವರು. 3.8 ಕಿಲೋಮೀಟರ್ ಈಜು, 180 ಸೈಕಲ್, ಅದಾದ ಮೇಲೆ ಪೂರ್ತಿ ಮ್ಯಾರಥಾನ್. ಅಷ್ಟು ವಯಸ್ಸಿಗೆ ಅದು ಹೇಗೆ ಸಾಧ್ಯ ಅಂತ ಓದಿದಾಗ ಅನ್ನಿಸಿತ್ತು. ಈ ಅಮ್ಮನ ಹೆಜ್ಜೆ ನೋಡುತ್ತಾ ಓಡಿದಾಗ ಸ್ವಲ್ಪ ಅರ್ಥವಾಯಿತು. ಅವರು ಒಂದು ಹೆಜ್ಜೆಯನ್ನೂ ಅವಸರದಿಂದ ಇಡಲಿಲ್ಲ.

ನಾಲ್ಕನೇ ಕಿಲೋಮೀಟರಿನಲ್ಲಿ ನೀರಿನ ಟೇಬಲ್ ಹತ್ತಿರ ನಾನು ನಡೆದೆ, ಅವರು ನಡೆಯಲಿಲ್ಲ. ಮುಂದೆ ಹೋದರು. ನನಗಿಂತ ಒಂದು ನಿಮಿಷ ಮೊದಲೇ ಗೆರೆ ದಾಟಿದರು. ನಾನು ದಾಟಿದಾಗ ಅಲ್ಲೇ ನಿಂತಿದ್ದರು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. 2 ಗಂಟೆ 3 ನಿಮಿಷ. ಮೆಡಲ್ ಕೊರಳಿಗೆ ಬಿತ್ತು. ನನಗೆ ಅಳು ಬಂತು. ಖುಷಿಗೋ ಸುಸ್ತಿಗೋ, ಎರಡೂ ಇರಬೇಕು.

ಕೊನೆಯವರು ಬರುವವರೆಗೆ ಯಾರೂ ಹೊರಡಲಿಲ್ಲ. ಅದನ್ನು ನೋಡುವುದು ನನಗೆ ಇವತ್ತಿಗೂ ಇಷ್ಟ. ಮುಗಿಸಿದವರು ದಾರಿಯ ಎರಡೂ ಕಡೆ ಸಾಲಾಗಿ ನಿಲ್ಲುತ್ತಾರೆ. ಗೆದ್ದವರು ಯಾವಾಗಲೋ ಮುಗಿಸಿ ಬಟ್ಟೆ ಬದಲಾಯಿಸಿರುತ್ತಾರೆ, ಅವರೂ ನಿಲ್ಲುತ್ತಾರೆ. ಈ ಆಟ ಹುಟ್ಟಿದ್ದೇ ಹಾಗೆ. 1974ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಅಲ್ಲಿನ ಓಟಗಾರರ ಕ್ಲಬ್ಬೊಂದು ನಡೆಸಿದ ರೇಸನ್ನೇ ಮೊದಲ ಆಧುನಿಕ ಟ್ರಯಥ್ಲಾನ್ ಅಂತಾರೆ. ಬಂದವರು 46 ಜನ. ಸಂಜೆಯ ರೇಸ್. ಮುಗಿಯುವಷ್ಟರಲ್ಲಿ ಕತ್ತಲಾಯಿತು. ಇನ್ನೂ ನೀರಲ್ಲಿದ್ದವರಿಗೆ ದಡ ಕಾಣಲಿ ಅಂತ ಕಾರುಗಳ ಹೆಡ್‌ಲೈಟ್ ಹಾಕಿದರಂತೆ. ಆ 46 ಜನರಲ್ಲಿ ಜಾನ್ ಮತ್ತು ಜೂಡಿ ಕಾಲಿನ್ಸ್ ದಂಪತಿ ಇದ್ದರು. ನಾಲ್ಕು ವರ್ಷದ ಮೇಲೆ, 1978ರಲ್ಲಿ, ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ಶುರುವಾಗಿದ್ದು ಅವರಿಂದಲೇ. ಹೊರಟವರು 15 ಜನ, ಮುಗಿಸಿದವರು 12. ನನಗೆ ಮಾತ್ರ ಆ ಹೆಡ್‌ಲೈಟಿನ ಕಥೆಯೇ ಹೆಚ್ಚು ಇಷ್ಟ. ಕತ್ತಲಲ್ಲಿ ಈಜುತ್ತಾ ಇರುವವರಿಗೆ ದಡದಲ್ಲಿ ಯಾರೋ ದೀಪ ಹಿಡಿದು ಕಾಯುತ್ತಿದ್ದಾರೆ, ಅಲ್ವಾ?

ಕೊನೆಯವರು ಬಂದರು. ಚಪ್ಪಾಳೆ ತಟ್ಟಿ ಕೈ ಕೆಂಪಾಯಿತು. ಆಮೇಲೆ ನಾನು ನೀರಿನ ಕಡೆ ಹೋದೆ. ಆ ಹುಡುಗಿಗೆ ಥ್ಯಾಂಕ್ಸ್ ಹೇಳಬೇಕಿತ್ತು.

ಬೂಯ್‌ಗಳನ್ನು ದಡಕ್ಕೆ ಎಳೆದು ಗಾಳಿ ಬಿಡುತ್ತಿದ್ದರು. ಅವಳು ಕಯಾಕಿನ ಪಕ್ಕ ಕೂತು ಅಂಗೈಯ ಗುಳ್ಳೆ ನೋಡಿಕೊಳ್ಳುತ್ತಿದ್ದಳು. ಹತ್ತಿರ ಹೋಗಿ, "ನೀವು ಇವತ್ತು ನನ್ನ ಕೈ ಹಿಡಿದಿರಿ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಗುರುತು ಸಿಗಲಿಲ್ಲ.

"ಟೋಪಿ ಗಾಗಲ್ಸ್ ಹಾಕಿದ್ರೆ ಎಲ್ಲರೂ ಒಂದೇ ಥರ ಕಾಣ್ತಾರೆ ಅಕ್ಕಾ. ನಿಮ್ದು ಯಾವ ಬಣ್ಣ?"

"ಹಳದಿ."

"ಹಳದೀನಾ?" ಅವಳು ಬೆರಳು ಮಡಿಸಿ ಎಣಿಸಿದಳು. "ಹಳದಿಯವರೇ ಆರು ಜನ ಹಿಡ್ಕೊಂಡ್ರು. ಕೆಂಪು ಟೋಪಿ ಮೂರು. ಒಬ್ರು ಎರಡು ಸಲ ಹಿಡ್ಕೊಂಡ್ರು. ಎಲ್ರೂ ಮುಗಿಸಿದ್ರು."

ನಾನು ಏನೂ ಹೇಳಲಿಲ್ಲ. ಅವಳು ಎದ್ದು ಕಯಾಕಿನ ಒಂದು ತುದಿ ಹಿಡಿದಳು. "ಸ್ವಲ್ಪ ಆ ಕಡೆ ಎತ್ತುತ್ತೀರಾ ಅಕ್ಕಾ? ಒಬ್ಬಳಿಗೇ ಭಾರ."

ಎತ್ತಿದೆ. ಒಳಗಿದ್ದ ನೀರು ಬುಳಕ್ ಅಂತ ನನ್ನ ಕಡೆ ಹರಿದು ಬಂತು.