ಹಳೆ ಪೈಪೇ ಅಚ್ಚು: ಡ್ರೈನೇಜ್ ಲೈನಿಂಗ್ ಮಾಡಿಸುವ ಮುನ್ನ

ನೆಲ ಅಗೆಯದೆ ಡ್ರೈನೇಜ್ ಪೈಪ್ ಸರಿಮಾಡಿಕೊಡುತ್ತೇವೆ ಎಂದರೆ ಯಾರಿಗೆ ಬೇಡ? ಟೈಲ್ಸ್ ಒಡೆಯಬೇಕಿಲ್ಲ, ಅಂಗಳದ ಮರ ಉಳಿಯುತ್ತದೆ, ಬಹಳಷ್ಟು ಸಲ ಒಂದೆರಡು ದಿನದಲ್ಲಿ ಕೆಲಸವೂ ಮುಗಿಯುತ್ತದೆ. ಇದೆಲ್ಲ ನಿಜವೇ. ಆದರೆ ಲೈನಿಂಗ್ ಎಂದರೆ ಹಳೆ ಪೈಪನ್ನೇ ಅಚ್ಚಾಗಿ ಇಟ್ಟುಕೊಂಡು ಅದರೊಳಗೆ ಹೊಸ ಪೈಪ್ ಎರಕ ಹೊಯ್ಯುವ ಕೆಲಸ. ಅಚ್ಚು ಸೊಟ್ಟಗಿದ್ದರೆ ಎರಕವೂ ಸೊಟ್ಟ. ನಿಮ್ಮ ಮನೆಗೆ ಇದು ಆಗಿಬರುತ್ತದೆಯೇ ಎಂಬ ಪ್ರಶ್ನೆ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಕೆಲಸ ನಡೆಯುವುದು ಹೀಗೆ. ಫೆಲ್ಟ್ ಬಟ್ಟೆಯ ಉದ್ದನೆಯ ಕೊಳವೆಯಂಥ ಚೀಲ, ಅದರ ಹೊರಮೈಗೆ ಪ್ಲಾಸ್ಟಿಕ್ ಪದರ: ಇದೇ ಲೈನರ್. ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ಚೀಲದೊಳಗೆ ಸುರಿದು, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು, ರೋಲರ್‌ಗಳ ನಡುವೆ ಹಾಯಿಸಿ ಬಟ್ಟೆಗೆಲ್ಲ ಹಿಡಿಸುತ್ತಾರೆ. ಆಮೇಲೆ ಕಾಲುಚೀಲ ಮಗುಚಿದ ಹಾಗೆ, ಗಾಳಿಯ ಒತ್ತಡದಲ್ಲಿ ಒಳಹೊರಗು ಮಾಡುತ್ತ ಪೈಪಿನೊಳಗೆ ನುಗ್ಗಿಸುತ್ತಾರೆ. ಆಗ ರೆಸಿನ್ ಹೀರಿದ ಮೈ ಹಳೆ ಪೈಪಿಗೆ ಒತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ ಮೈ ನೀರು ಹರಿಯುವ ಕಡೆಗೆ ಬರುತ್ತದೆ. ಬಿಸಿನೀರು, ಹಬೆ ಅಥವಾ ಯುವಿ ಬೆಳಕು ಕೊಟ್ಟು ಗಟ್ಟಿ ಮಾಡುತ್ತಾರೆ; ತಾನಾಗಿಯೇ ಗಟ್ಟಿಯಾಗುವ ರೆಸಿನ್ ಕೂಡ ಇದೆ. ಲಂಡನ್ನಿನಲ್ಲಿ ಎರಿಕ್ ವುಡ್ 1971ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಸಾಮಗ್ರಿ ಸುಧಾರಿಸಿದೆ, ತತ್ವ ಬದಲಾಗಿಲ್ಲ.

ಹಳೆ ಪೈಪೇ ಅಚ್ಚಾದ್ದರಿಂದ ಮೊದಲ ಖರ್ಚು ಕ್ಯಾಮೆರಾಗೆ. ಪೈಪನ್ನು ಜೆಟ್ಟಿಂಗ್ ಮಾಡಿ, ಅಂದರೆ ಒತ್ತಡದ ನೀರು ಹಾಯಿಸಿ, ತೊಳೆದ ಮೇಲೆಯೇ ಕ್ಯಾಮೆರಾ ಇಳಿಸಬೇಕು. ಹೂಳಿನ ಮೇಲೆ ತೆವಳಿದ ಕ್ಯಾಮೆರಾ ತೋರಿಸುವುದು ಹೂಳನ್ನು ಮಾತ್ರ. ಕ್ಯಾಮೆರಾ ಒಳಗಿರುವಾಗಲೇ ಒಂದೆರಡು ಬಕೆಟ್ ನೀರು ಬಿಡಿಸಿ, ಹರಿದುಹೋಗುವವರೆಗೆ ಕಾಯಿರಿ. ನೀರು ಪೂರ್ತಿ ಇಳಿದ ಮೇಲೂ ಒಂದು ಕಡೆ ಲೆನ್ಸ್ ಮುಳುಗಿ ಪರದೆ ಮಬ್ಬಾದರೆ ಪೈಪ್ ಅಲ್ಲಿ ಹೊಟ್ಟೆ ಬಿಟ್ಟಿದೆ, ಅಂದರೆ ಕೆಳಕ್ಕೆ ತಗ್ಗಿದೆ. ಎಷ್ಟನೇ ಮೀಟರಿಗೆ ಮುಳುಗಿತು, ಎಷ್ಟನೇ ಮೀಟರಿಗೆ ಎದ್ದಿತು ಎಂದು ಪರದೆಯ ಮೂಲೆಯ ಕೌಂಟರ್ ನೋಡಿ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಕೆಳಗಡೆ ಎಲ್ಲೋ ಕಟ್ಟಿಕೊಂಡಿದ್ದರೂ ನೀರು ಹೀಗೇ ನಿಲ್ಲುತ್ತದೆ. ಆ ಕಟ್ಟು ತೆಗೆಸಿ ಮತ್ತೊಮ್ಮೆ ನೋಡದೆ ವಾಟ (ಇಳಿಜಾರು) ಹೋಗಿದೆ ಎಂದು ತೀರ್ಪು ಕೊಡಬೇಡಿ.

ಹೊಟ್ಟೆ ಬಿಟ್ಟ ಪೈಪನ್ನು ಲೈನಿಂಗ್ ಎತ್ತಿ ನಿಲ್ಲಿಸುವುದಿಲ್ಲ. 100 ಮಿ.ಮೀ. ಪೈಪಿಗೆ ಮೀಟರಿಗೆ 20 ಮಿ.ಮೀ. ಇಳಿತ ಇದ್ದರೆ ಒಳ್ಳೆಯ ವಾಟ. ಪೈಪ್ ಮಧ್ಯದಲ್ಲಿ ತಗ್ಗಿದ್ದರೆ ಹೊಸ ಲೈನರೂ ಅಲ್ಲೇ ತಗ್ಗಿ, ಜಿಡ್ಡು ಮತ್ತು ಕಾಗದ ಅಲ್ಲೇ ತಂಗುತ್ತದೆ. ಪೈಪಿನ ಕಾಲು ಭಾಗದಷ್ಟು ಎತ್ತರಕ್ಕೆ ಸ್ವಲ್ಪ ದೂರ ನೀರು ನಿಂತರೆ ಸಹಿಸಿಕೊಳ್ಳಬಹುದು, ಅರ್ಧ ತುಂಬಿದರೆ ಅಗೆಯಲೇಬೇಕು. ನಮ್ಮ ಅಳತೆ ಇಷ್ಟು. ಹಾಗೆಂದು ಪೂರ್ತಿ ಅಗೆಯಬೇಕಿಲ್ಲ. ತಗ್ಗಿದ ಎರಡು ಮೂರು ಮೀಟರ್ ಮಾತ್ರ ತೆಗೆದು, ಅಡಿಗೆ ಮರಳು ಹಾಕಿ ಬಡಿದು, ಹೊಸ ಪೈಪ್ ಕೂರಿಸಿ, ಮಿಕ್ಕಿದ್ದಕ್ಕೆ ಲೈನಿಂಗ್ ಮಾಡಿಸುವುದು ಎಷ್ಟೋ ಸಲ ಜಾಣ ದಾರಿ. ಗುತ್ತಿಗೆದಾರರು ತಾವಾಗಿ ಇದನ್ನು ಹೇಳುವುದು ಕಡಿಮೆ, ನೀವೇ ಕೇಳಿ.

ಕುಸಿದು ಬಾಯಿ ಮುಚ್ಚಿದ ಪೈಪಿಗೆ ಲೈನರ್ ಹೋಗುವುದೇ ಇಲ್ಲ. ಚಪ್ಪಟೆಯಾಗಿ ವ್ಯಾಸ ಶೇ. 10ಕ್ಕಿಂತ ಹೆಚ್ಚು ಕೆಟ್ಟಿದ್ದರೂ ಬೇಡ. ಅಂಡಾಕಾರದ ಲೈನರ್ ಹೊರಗಿನ ಒತ್ತಡ ತಾಳುವುದು ಕಡಿಮೆ.

ಇನ್ನು ಲೈನಿಂಗ್ ಚೆನ್ನಾಗಿ ಒಗ್ಗುವ ಕಾಯಿಲೆಗಳೂ ಇವೆ: ಜಾಯಿಂಟಿನಲ್ಲಿ ಬೇರು ಇಳಿದ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪ್, ಉದ್ದಕ್ಕೂ ಬಿರುಕು ಬಿಟ್ಟು ಆಕಾರ ಉಳಿಸಿಕೊಂಡಿರುವ ಪೈಪ್, ತಳ ತುಕ್ಕು ತಿಂದ ಕಾಸ್ಟ್ ಐರನ್ ಪೈಪ್. ಕಾಸ್ಟ್ ಐರನ್ ಆದರೆ ಒಳಗಿನ ತುಕ್ಕಿನ ಗಂಟುಗಳನ್ನು ಚೈನ್ ಹಾಕಿ ಹೆರೆದು ತೆಗೆಯುವುದೇ ದೊಡ್ಡ ಕೆಲಸ. ಒಂದು ಗಂಟು ಉಳಿದರೆ ಅದರ ಮೇಲೆಯೇ ಲೈನರ್ ಉಬ್ಬಿ ಕೂರುತ್ತದೆ. ಒಂದೇ ಜಾಯಿಂಟ್ ಕೆಟ್ಟಿದ್ದರೆ ಪೂರ್ತಿ ಲೈನಿಂಗ್ ಯಾಕೆ? ಅರ್ಧದಿಂದ ಒಂದು ಮೀಟರ್ ಉದ್ದದ ತೇಪೆ ಸಾಕು.

ಪೈಪ್ ಕಿರಿದಾಗುವುದಿಲ್ಲವೇ ಎಂಬುದು ಎಲ್ಲರ ಅನುಮಾನ. ಕಿರಿದಾಗುತ್ತದೆ. 100 ಮಿ.ಮೀ. ಪೈಪಿಗೆ 3 ಮಿ.ಮೀ. ದಪ್ಪದ ಲೈನರ್ ಕೂತರೆ ಒಳವ್ಯಾಸ 94 ಮಿ.ಮೀ. ವ್ಯಾಸದ ಲೆಕ್ಕದಲ್ಲೇ ಹೋದರೆ ತುಂಬಿ ಹರಿಯುವ ಸಾಮರ್ಥ್ಯ ಸುಮಾರು ಶೇ. 15 ಇಳಿಯಬೇಕು. ಆದರೆ ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಹಳೆ ಪೈಪಿನ ಒರಟುತನ 0.013, ನುಣುಪಾದ ಲೈನರಿನದು 0.010 ಎಂದು ಹಿಡಿದರೆ ಕೊನೆಗೆ ಸಾಮರ್ಥ್ಯ ಶೇ. 10ರಷ್ಟು ಹೆಚ್ಚೇ ಬರುತ್ತದೆ. ಸುಕ್ಕಿಲ್ಲದೆ ಕೂತರೆ ಮಾತ್ರ ಈ ಲೆಕ್ಕ. 45 ಡಿಗ್ರಿ ಬೆಂಡ್ ಸುಲಭ. 90 ಡಿಗ್ರಿ ಬೆಂಡಿನ ಒಳಮಗ್ಗುಲಲ್ಲಿ ಸಾಮಾನ್ಯ ಲೈನರ್ ಮಡಿಕೆ ಬೀಳುತ್ತದೆ, ಆ ಮಡಿಕೆಗೆ ಕೂದಲು, ಬಟ್ಟೆಚೂರು ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಹಿಗ್ಗುವ ಹೆಣಿಗೆಯ ಲೈನರ್ ಬೇಕು.

ಅತಿ ಹೆಚ್ಚು ಎಡವಟ್ಟಾಗುವುದು ಕವಲುಗಳಲ್ಲಿ. ಲೈನರ್ ಒಂದೇ ಸಮ ಹೋಗುವುದರಿಂದ ಅಡುಗೆಮನೆ, ಬಚ್ಚಲು, ಟಾಯ್ಲೆಟ್ ಪೈಪುಗಳು ಬಂದು ಸೇರುವ ಬಾಯಿಗಳೆಲ್ಲ ಮುಚ್ಚಿಹೋಗುತ್ತವೆ. ಗಟ್ಟಿಯಾದ ಮೇಲೆ ಕಟರ್ ಇಳಿಸಿ ಒಂದೊಂದನ್ನೂ ಕೊರೆದು ತೆರೆಯಬೇಕು. ಮೊದಲೇ ಎಣಿಸದೆ ಹೋದರೆ ಒಂದು ಬಾಯಿ ಮುಚ್ಚಿದಂತೆಯೇ ಉಳಿದು, ಮಾರನೆಯ ದಿನ ಬಚ್ಚಲಲ್ಲಿ ಕೊಳಚೆ ಉಕ್ಕುತ್ತದೆ. ಆದ್ದರಿಂದ ಕ್ಯಾಮೆರಾ ಒಳಗಿರುವಾಗ ಮನೆಯ ಒಂದೊಂದೇ ನಲ್ಲಿ, ಫ್ಲಶ್ ಬಿಟ್ಟು ಯಾವ ಬಾಯಿಂದ ನೀರು ಬರುತ್ತದೆ, ಎಷ್ಟನೇ ಮೀಟರಿನಲ್ಲಿ, ಎಡಕ್ಕೋ ಬಲಕ್ಕೋ ಮೇಲಕ್ಕೋ ಎಂದು ಗುರುತಿಸಿಕೊಳ್ಳಬೇಕು. ಬಳಕೆಯಲ್ಲಿಲ್ಲದ ಹಳೆ ಬಾಯಿ ಸಿಕ್ಕರೆ ಮುಚ್ಚಿದಂತೆಯೇ ಬಿಡಿ, ಅದು ಲಾಭವೇ. ಕೊರೆದ ಬಾಯಿಯ ಸುತ್ತ ಲೈನರಿಗೂ ಹಳೆ ಪೈಪಿಗೂ ನಡುವೆ ಕೂದಲೆಳೆಯ ಸಂದಿ ಉಳಿಯುತ್ತದೆ. ಬೇರಿಗೆ ಅಷ್ಟು ಸಾಕು. ಬೇರಿನ ಕಾಟಕ್ಕೆಂದೇ ಲೈನಿಂಗ್ ಮಾಡಿಸುವವರು ಕವಲಿನೊಳಕ್ಕೂ ಇಳಿಯುವ ಜಂಕ್ಷನ್ ಲೈನರ್ ಕೇಳಬೇಕು. ಐದಾರು ಮೀಟರಿನೊಳಗೆ ಐದಾರು ಕವಲಿದ್ದರೆ ಅಗೆಯುವುದೇ ಒಳ್ಳೆಯದೇನೋ.

ಮಣ್ಣಿನ ನೀರು ಪೈಪಿನೊಳಗೆ ಚಿಮ್ಮುತ್ತಿದ್ದರೆ ಮೊದಲು ಅದನ್ನು ಸಂದಿ ತುಂಬುವ ಗ್ರೌಟ್ ಹಾಕಿ ನಿಲ್ಲಿಸಬೇಕು. ಹಸಿ ರೆಸಿನ್ ತೊಳೆದುಹೋದ ಕಡೆ ಬರೀ ಬಟ್ಟೆ ಉಳಿಯುತ್ತದೆ. ತಣ್ಣನೆ ನೀರು ತಾಗಿದ ಜಾಗ ಅರೆಬೆಂದ ಹಾಗೆ ಮೆತ್ತಗೇ ಇರುತ್ತದೆ. ಬಿಸಿಲಲ್ಲಿ ಬೇರೆ ಕಷ್ಟ: ಬೆರೆಸಿದ ರೆಸಿನ್ ಚೀಲ ನುಗ್ಗಿಸಿ ಮುಗಿಯುವ ಮೊದಲೇ ಗಟ್ಟಿಯಾದರೆ ಲೈನರ್ ಅರ್ಧದಾರಿಯಲ್ಲಿ ನಿಂತು, ಆಮೇಲೆ ಅಗೆಯುವುದೊಂದೇ ಉಳಿಯುವ ದಾರಿ. ನೆರಳಲ್ಲಿ ಬೆರೆಸುತ್ತಾರೆಯೇ, ಹದ ತಪ್ಪುವ ಮುನ್ನ ಎಷ್ಟು ನಿಮಿಷ ಸಿಗುತ್ತದೆ ಎಂದು ಕೇಳಿದರೆ ಅನುಭವಿ ತಕ್ಷಣ ಉತ್ತರ ಕೊಡುತ್ತಾನೆ.

ರೆಸಿನ್ ಪ್ರಮಾಣವನ್ನು ನೀವೇ ಲೆಕ್ಕ ಹಾಕಬಹುದು. 100 ಮಿ.ಮೀ. ಪೈಪ್, 3 ಮಿ.ಮೀ. ದಪ್ಪಕ್ಕೆ ಮೀಟರಿಗೆ ಸುಮಾರು 0.9 ಲೀಟರ್, ಸಂದಿಗಳಿಗೆ ಇಳಿಯುವುದಕ್ಕೆಂದು ಶೇ. 5ರಿಂದ 10 ಹೆಚ್ಚು. 15 ಮೀಟರಿಗೆ 14–15 ಲೀಟರ್ ಆಯಿತು. ಎಂಟು ಲೀಟರ್ ತಂದವನನ್ನು ಅಲ್ಲೇ ನಿಲ್ಲಿಸಿ. ಪಾಲಿಯೆಸ್ಟರ್, ವಿನೈಲ್ ಎಸ್ಟರ್ ರೆಸಿನ್‌ಗಳಿಂದ ಸ್ಟೈರೀನ್ ಆವಿ ಏಳುತ್ತದೆ, ಮೂಗಿಗೆ ಬಣ್ಣದಂಗಡಿಯ ಘಾಟು. ಅದು ಒಣಗಿದ ಟ್ರ್ಯಾಪ್‌ಗಳ (ವಾಸನೆ ತಡೆಯಲು ನೀರು ನಿಲ್ಲುವ ಬಾಗುಗಳ) ಮೂಲಕ ಮನೆಯೊಳಗೆ ಬರುತ್ತದೆ. ಹಿಂದಿನ ರಾತ್ರಿಯೇ ಎಲ್ಲ ಟ್ರ್ಯಾಪ್‌ಗಳಿಗೆ ನೀರು ಹೊಯ್ದು, ಕಿಟಕಿ ತೆರೆದಿಡಿ. ಮನೆಯೊಳಗೆ ಹೋಗುವ ಪೈಪಿಗೆ ಎಪಾಕ್ಸಿ ಮೇಲು: ಸ್ಟೈರೀನ್ ಇಲ್ಲ, ಕುಗ್ಗುವುದೂ ಕಡಿಮೆ.

ಇನ್ನು ಅರ್ಧ ಮೀಟರ್ ಆಳದಲ್ಲಿ, ಬರೀ ಮಣ್ಣಿನ ಕೆಳಗೆ ಆರು ಮೀಟರ್ ಪೈಪ್ ಇದೆ ಎನ್ನಿ. ಅದಕ್ಕೆ ಲೈನಿಂಗ್ ಬೇಡವೇ ಬೇಡ. ಗುದ್ದಲಿ ಹಿಡಿಯಿರಿ. ಲೈನಿಂಗ್ ತನ್ನ ಬೆಲೆ ತೀರಿಸುವುದು ಪೈಪಿನ ಮೇಲೆ ಮನೆ, ರಸ್ತೆ, ಮರ ಅಥವಾ ಎರಡು ಮೀಟರ್ ಆಳದ ಮಣ್ಣು ಇದ್ದಾಗ.

ಒಪ್ಪಂದದಲ್ಲಿ ಗಟ್ಟಿಯಾದ ಮೇಲಿನ ದಪ್ಪ ಎಷ್ಟು ಮಿ.ಮೀ., ಯಾವ ರೆಸಿನ್, ಎಷ್ಟು ಕವಲು ತೆರೆಯುತ್ತಾರೆ, ಬಿಸಿ ಮಾಡಿದ ತಾಪ ಮತ್ತು ಸಮಯದ ದಾಖಲೆ, ಮೊದಲಿನ ಮತ್ತು ನಂತರದ ವಿಡಿಯೊ ಎಲ್ಲ ಬರೆಸಿಕೊಳ್ಳಿ. ಕೊನೆಯ ವಿಡಿಯೊದಲ್ಲಿ ಲೈನರಿನ ತುದಿ ರಸ್ತೆಯ ದೊಡ್ಡ ಪೈಪಿನೊಳಗೆ ನಾಲಿಗೆ ಚಾಚಿಲ್ಲವೇ ನೋಡಿ. ಚಾಚಿದ್ದರೆ ಕತ್ತರಿಸಿ ಹೋಗಲಿ. ಕೆಲಸ ಮುಗಿದ ಮೇಲೆ ಚೇಂಬರ್ ಮುಚ್ಚಳದ ಒಳಮೈಗೆ "ಲೈನಿಂಗ್ ಆಗಿದೆ, ಬ್ಲೇಡ್ ಇರುವ ಸ್ಪ್ರಿಂಗ್ ಹಾಕಬೇಡಿ, ನೀರಿನ ಜೆಟ್ ಮಾತ್ರ" ಎಂದು ಬಣ್ಣದಲ್ಲಿ ಬರೆಸಿಡಿ. ಮುಂದಿನ ಸಲ ಬರುವ ಪ್ಲಂಬರ್‌ಗೆ ಒಳಗೇನಿದೆ ಎಂದು ಹೇಗೆ ಗೊತ್ತಾಗಬೇಕು?