ದೊಡ್ಡ ಬೀಚ್ ರೆಸಾರ್ಟ್ ಯಾವುದು ಒಳ್ಳೆಯದು ಅಂತ ಕೇಳುವವರಿಗೆ

ನವೆಂಬರ್ ಬಂತೆಂದರೆ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನನಗೆ ಒಂದೇ ಪ್ರಶ್ನೆ. ‘ಬೆಂಗಳೂರಿನ ಚಳಿ ಬಿಟ್ಟು ನಾಲ್ಕು ದಿನ ಬೆಚ್ಚಗೆ ಇದ್ದು ಬರೋಣ ಅಂತಿದ್ದೀವಿ. ಸಮುದ್ರದ ಪಕ್ಕ ಒಳ್ಳೆ ದೊಡ್ಡ ರೆಸಾರ್ಟ್ ಯಾವುದು?’ ನಾನು ಹೆಸರು ಹೇಳುವ ಮುಂಚೆ ಕೇಳುತ್ತೇನೆ: ಜೊತೆಗೆ ಯಾರು ಬರ್ತಿದ್ದಾರೆ?

ಹಾಗೆ ಕೇಳಲು ಕಾರಣ ನನ್ನ ಅಮ್ಮ. ಕೆಲವು ವರ್ಷಗಳ ಹಿಂದೆ ಅವರನ್ನು ದಕ್ಷಿಣ ಗೋವಾದ ಒಂದು ಐಷಾರಾಮಿ ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದೆ. ಫೋಟೋಗಳಲ್ಲಿ ಎಲ್ಲಿ ನೋಡಿದರೂ ಸಮುದ್ರ. ಹೋಗಿ ನೋಡಿದರೆ ನಮ್ಮ ರೂಮು ಗೇಟಿನ ಹತ್ತಿರ. ಮರಳಿನ ತನಕ ಹೋಗಲು ಬಗ್ಗಿಗೆ, ಅಂದರೆ ರೆಸಾರ್ಟಿನ ಒಳಗೆ ಓಡಾಡುವ ಸಣ್ಣ ಗಾಡಿಗೆ, ಫೋನ್ ಮಾಡಿ ಕಾಯಬೇಕು. ಅಮ್ಮನಿಗೆ ಮಂಡಿ ನೋವು. ‘ಪದೇ ಪದೇ ಅವರಿಗೆ ಯಾಕೆ ತೊಂದ್ರೆ, ನೀವು ಹೋಗಿ ಬನ್ನಿ’ ಅಂದು ಒಳಗೇ ಉಳಿದರು. ಮೂರು ದಿನದಲ್ಲಿ ಅವರು ಸಮುದ್ರ ನೋಡಿದ್ದು ಎರಡೇ ಸಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ದೊಡ್ಡ ರೆಸಾರ್ಟ್ ಅಂದರೆ ಎಕರೆಗಟ್ಟಲೆ ಜಾಗ, ಅಲ್ವಾ? ಎಲ್ಲ ರೂಮೂ ತೀರದ ಹತ್ತಿರ ಇರೋದಿಲ್ಲ. ಜೊತೆಗೆ, ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ನೀರು ತಲುಪುವ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟಬಾರದು ಎಂಬ ನಿಯಮ 1991ರಲ್ಲೇ ಬಂತು. ಮರಳ ದಿಬ್ಬ, ಗಿಡಗಳು ಉಳಿಯಲು ಅದು ಬೇಕು. ಆದರೆ ನಡೆಯಲಾಗದವರಿಗೆ 200 ಮೀಟರ್ ಬಹಳ ದೂರ. ‘ಸೀ ವ್ಯೂ’ ಅಂದರೆ ಸಮುದ್ರ ಕಾಣುತ್ತದೆ ಅಷ್ಟೇ, ಹತ್ತಿರ ಇದೆ ಅಂತಲ್ಲ. ಅದಕ್ಕೇ ಬುಕ್ ಮಾಡುವ ಮುಂಚೆ ಫೋನ್ ಮಾಡಿ. ಯಾವ ಬ್ಲಾಕ್? ಅಲ್ಲಿಂದ ಮರಳಿಗೆ ಎಷ್ಟು ನಿಮಿಷದ ನಡಿಗೆ? ದಾರಿಯಲ್ಲಿ ಮೆಟ್ಟಿಲು ಇದೆಯಾ? ಸಂಕೋಚ ಬೇಡ, ಬಿಡಿಸಿ ಬಿಡಿಸಿ ಕೇಳಿ. ಮುಂದಿನ ಸಲ ನಾನು ಹಾಗೆ ಕೇಳಿಯೇ ತೀರಕ್ಕೆ ಹತ್ತಿರದ, ನೆಲಮಹಡಿಯ ರೂಮು ಹಿಡಿದೆ. ಅಮ್ಮ ಬೆಳಿಗ್ಗೆ ನಾವು ಏಳುವ ಮುಂಚೆಯೇ ಒಬ್ಬರೇ ಹೋಗಿ ಕಾಲು ನೆನೆಸಿಕೊಂಡು ಬಂದಿದ್ದರು. ಸೀರೆಯ ಅಂಚೆಲ್ಲ ಮರಳು.

ಈಜುಕೊಳ, ಸ್ಪಾ ಎಲ್ಲ ಕಡೆಯೂ ಇರುತ್ತವೆ. ಅದನ್ನು ನೋಡಿ ಆರಿಸಬೇಡಿ.

ತಿಂಗಳು ಮಾತ್ರ ಸರಿಯಾಗಿ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋವಾ, ಗೋಕರ್ಣದ ಕಡೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮಹಾಬಲಿಪುರಂ ಕಾರಿನಲ್ಲೇ ಹೋಗಬಹುದು, ಆದರೆ ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹಿಂಗಾರು ಮಳೆ. ಕ್ರಿಸ್ಮಸ್, ಹೊಸ ವರ್ಷದ ವಾರದಲ್ಲಿ ಎಲ್ಲ ಕಡೆ ದರ ಜಾಸ್ತಿ. ನನ್ನನ್ನು ಕೇಳಿದರೆ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಪಶ್ಚಿಮ ತೀರಕ್ಕೇ ಹೋಗಿ. ಗದ್ದಲ ಕಡಿಮೆ, ಅಲೆಯೂ ಶಾಂತ.

ದಕ್ಷಿಣ ಗೋವಾದ ವಾರ್ಕಾ, ಕವೆಲೋಸಿಮ್ ಕಡೆ ರೆಸಾರ್ಟ್ ಹಿಡಿದರೆ ವಿಮಾನದ ಟಿಕೆಟ್ ಗೋವಾದ ಹಳೆಯ ನಿಲ್ದಾಣ ದಾಬೋಲಿಮ್‌ಗೆ ಮಾಡಿ. 2023ರ ಜನವರಿಯಲ್ಲಿ ಶುರುವಾದ ಮೋಪಾ ನಿಲ್ದಾಣ ಗೋವಾದ ಉತ್ತರ ತುದಿಯಲ್ಲಿದೆ. ಅಲ್ಲಿ ಇಳಿದರೆ ಹೆಚ್ಚುಕಡಿಮೆ ಇಡೀ ಗೋವಾ ದಾಟಬೇಕು. ಟಿಕೆಟ್ ಅಗ್ಗ ಸಿಕ್ಕಿತು ಅಂತ ಖುಷಿಪಟ್ಟವರು ಉಳಿಸಿದ ದುಡ್ಡನ್ನು ಟ್ಯಾಕ್ಸಿಗೆ ಕೊಡುತ್ತಾರೆ. ಇನ್ನೊಂದು ಮಾತು. ರೂಮಿನ ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ 18% ಜಿಎಸ್‌ಟಿ ಇದೆ. ಹೇಳಿದ ದರದಲ್ಲಿ ಅದು ಸೇರಿದೆಯಾ, ರಾತ್ರಿ ಊಟ ಸೇರಿದೆಯಾ ಅಂತ ಅದೇ ಫೋನಿನಲ್ಲಿ ಕೇಳಿಬಿಡಿ.